ಒಗರು ಅನ್ನೋದನ್ನ ಎಲ್ಲಿ ಕಲೀತಾರೆ?

ನಮಸ್ಕಾರ. ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ವಿ. ನಾಲ್ಕು ವರ್ಷದ ಮಗಳು ನೆಲ್ಲಿಕಾಯಿ ಕಚ್ಚಿ ಮುಖ ಕಿವುಚಿದ್ಲು.

"ಅಜ್ಜೀ, ಕಹಿ!"

"ಕಹಿ ಅಲ್ಲ ಪುಟ್ಟಿ, ಒಗರು. ಈಗ ಒಂದು ಗುಟುಕು ನೀರು ಕುಡಿ."

ಕುಡಿದ್ಲು. ಕಣ್ಣರಳಿತು. "ನೀರಿಗೆ ಸಕ್ಕರೆ ಹಾಕಿದ್ಯಾ?"

ಅಲ್ಲಿಂದ ಶುರುವಾದ ಯಾಕೆ-ಹೇಗೆಗಳು ಮಜ್ಜಿಗೆ ಅನ್ನ ಮುಗಿಯೋವರೆಗೂ ನಿಲ್ಲಲಿಲ್ಲ. ಈ ಒಗರನ್ನ ಯಾವ ಫ್ಲ್ಯಾಶ್‌ಕಾರ್ಡಲ್ಲಿ ಕಲಿಸ್ತೀರಿ, ಹೇಳಿ?

ಊಟದ ಹೊತ್ತಿನ ಮಾತಲ್ಲೇ ಮಕ್ಕಳು ಪದ ಕಲೀತಾರೆ ಅಂತ ಅಮ್ಮನ ಮೇಲಿನ ಅಭಿಮಾನಕ್ಕೆ ಹೇಳ್ತಿಲ್ಲ. ಮಕ್ಕಳ ಭಾಷೆ ಬಗ್ಗೆ ಸಂಶೋಧನೆ ಮಾಡೋ ಹಾರ್ವರ್ಡ್‌ನ ಕ್ಯಾಥರೀನ್ ಸ್ನೋ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಬಾಸ್ಟನ್ ಸುತ್ತಮುತ್ತಲಿನ ಬಡ ಕುಟುಂಬಗಳ ಊಟದ ಹೊತ್ತಿನ ಮಾತುಕತೆ ರೆಕಾರ್ಡ್ ಮಾಡೋಕೆ ಶುರು ಮಾಡಿದ್ರು. ಶಾಲೆಗೆ ಸೇರೋ ಮೊದಲೇ ಇಂಥ ಮಾತಲ್ಲಿ ಅಪರೂಪದ ಪದಗಳನ್ನ ಹೆಚ್ಚು ಕೇಳಿದ್ದ ಮಕ್ಕಳಿಗೆ ಮುಂದೆ ಪದಸಂಪತ್ತೂ ಹೆಚ್ಚಿತ್ತು. ಅಂಥ ಪದಗಳು "ಚೆಲ್ಲಬೇಡ, ಬೇಗ ತಿನ್ನು" ಅನ್ನೋದ್ರಲ್ಲಿ ಬರಲ್ಲ. ಏನೋ ನಡೆದದ್ದನ್ನ ಹೇಳುವಾಗ, ಏನನ್ನೋ ಬಿಡಿಸಿ ಹೇಳುವಾಗ ಬರ್ತಾವೆ.

ನಾವು ಬೆಳೆದದ್ದು "ಉಣ್ಣುವಾಗ ಮಾತಾಡಬೇಡ" ಅನ್ನೋ ಗದರಿಕೆ ಕೇಳ್ಕೊಂಡು. ಬಾಯಲ್ಲಿ ತುತ್ತಿದ್ರೆ ಸರಿಯೇ, ನೆತ್ತಿಗೆ ಹತ್ತುತ್ತೆ. ಆದ್ರೆ ಎಳೇ ಮಕ್ಕಳಿಗೆ ಮಾತ್ರ ಕಾಗೆ, ಗುಬ್ಬಿ, ಚಂದಮಾಮನ್ನ ತೋರಿಸ್ತಾ ಮಾತಾಡಿ ಮಾತಾಡಿಯೇ ಉಣ್ಣಿಸ್ತಿದ್ರು. ಈಗ ಆ ಜಾಗಕ್ಕೆ ಮೊಬೈಲ್ ಬಂದಿದೆ. "ಚಂದಮಾಮನೂ ಒಂಥರಾ ಮೊಬೈಲೇ ಕಣೋ" ಅಂತ ನನ್ನ ಗೆಳೆಯ ಒಬ್ಬ ವಾದ ಮಾಡ್ತಾನೆ. ಅಲ್ಲಪ್ಪ, ಚಂದ್ರ ತಾನಾಗಿ ಮಾತಾಡಲ್ಲ. ತುತ್ತು ಕೊಡೋರೇ ಮಾತಾಡ್ಬೇಕು. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೂರು ಹೊತ್ತೂ ಮೊಬೈಲ್ ಹಿಡಿದ್ರೆ ಆ ಗಂಟೆ ತಟ್ಟೆ ಮುಂದೆಯೇ ಮುಗೀತು.

ಇನ್ನು ಕೆಲವರು ಊಟಾನೇ ಟ್ಯೂಷನ್ ಮಾಡಿಬಿಡ್ತಾರೆ. "ಬೀನ್ಸ್ ಯಾವ ಕಲರ್? ಸ್ಪೆಲ್ಲಿಂಗ್ ಹೇಳು." ನಾನೂ ಮಾಡಿದ್ದೆ. ಮಗಳು ಬೀನ್ಸ್ ತಿನ್ನೋದನ್ನೇ ಬಿಟ್ಟಳು.

ಟ್ರಾಫಿಕ್ ದಾಟಿ ರಾತ್ರಿ ಒಂಬತ್ತಕ್ಕೆ ಮನೆ ಸೇರೋರಿಗೆ ಇದೆಲ್ಲ ಎಲ್ಲಿ ಸಾಧ್ಯ ಅಂತೀರಾ? ರಾತ್ರಿನೇ ಆಗ್ಬೇಕು ಅಂತೇನಿಲ್ಲ. ಬೆಳಗ್ಗೆ ಇಡ್ಲಿ ಮುಂದೆ ಹತ್ತು ನಿಮಿಷ ಕೂತ್ಕೊಳ್ಳಿ.

ಅಂದಹಾಗೆ, ಮಾರನೇ ದಿನ ನನ್ನ ತಟ್ಟೇಲಿ ಒಂದು ನೆಲ್ಲಿಕಾಯಿ ಇತ್ತು. ಪಕ್ಕದಲ್ಲಿ ಮಗಳು, ನೀರಿನ ಲೋಟ ಬೆನ್ನ ಹಿಂದೆ ಬಚ್ಚಿಟ್ಕೊಂಡು: "ಅಪ್ಪಾ, ಮೊದಲು ಕಚ್ಚು. ನೀರು ಆಮೇಲೆ ಕೊಡ್ತೀನಿ."