ಹಡಗಿನ ಹೆಸರು ಸಾಲದಾ?

ನಮಸ್ಕಾರ, ಶಿವಮೊಗ್ಗದಿಂದ ಮಾತಾಡುತ್ತಿದ್ದೇನೆ. ಹೊರಗೆ ಮೋಡ ಕವಿದಿದೆ. ಮಳೆ ಶುರುವಾಗೋ ಮೊದಲು ಇದನ್ನು ಹೇಳಿ ಮುಗಿಸಬೇಕು.

ಹೋದ ವಾರ ನಮ್ಮ ಸಾಗರದ ಮಾವನ ಕಥೆ ಹೇಳಿದ್ದೆ. ನೌಕಾಪಡೆಯಲ್ಲಿ ಮೈನ್‌ಸ್ವೀಪರ್ ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡಿದವರು. ಅಲ್ಲಿನ ಆಸ್ಬೆಸ್ಟಾಸ್ ಧೂಳಿನಿಂದ ಶ್ವಾಸಕೋಶ ಕೆಟ್ಟಿದೆ, ಅದಕ್ಕೆ ಪಿಂಚಣಿ ಕೇಳುತ್ತಿದ್ದಾರೆ. ಆಸ್ಬೆಸ್ಟಾಸ್ ಅಂದರೆ ಬಿಸಿ ತಡೆಯೋ ಕಲ್ಲಿನ ಎಳೆ, ಚಾವಣಿಯ ಸಿಮೆಂಟ್ ಶೀಟಿನಲ್ಲೂ ಅದೇ ಇರುತ್ತದೆ. ಸಾಗರದಲ್ಲಿ ಸಾಗರ ಎಲ್ಲಿದೆ ಅಂತ ಬರೆಯಬೇಡಿ. ಆ ಜೋಕನ್ನು ಅವರು ಹದಿನೆಂಟನೇ ವಯಸ್ಸಿನಿಂದ ಕೇಳುತ್ತಿದ್ದಾರೆ. ಆ ಸಂಚಿಕೆಗೆ ಒಬ್ಬ ಮಹಾನುಭಾವ ಬರೆದಿದ್ದಾನೆ: ‘ನಮ್ಮ ಕೊಟ್ಟಿಗೆಗೂ ಸಿಮೆಂಟ್ ಶೀಟ್ ಹೊದಿಸಿದೆ, ನನಗೂ ಪಿಂಚಣಿ ಕೊಡಿಸಿ ಸಾರ್.’ ಕೆಳಗೆ ನಗೋ ಮುಖಗಳ ಸಾಲು.

ನಗಿ. ಆಮೇಲೆ ಕೇಳಿ.

ಮೈನ್‌ಸ್ವೀಪರ್ ಅಂದರೆ ಸಮುದ್ರದಲ್ಲಿ ಶತ್ರು ಹಾಕಿದ ಬಾಂಬುಗಳನ್ನು ಗುಡಿಸಿ ದಾರಿ ಮಾಡೋ ಹಡಗು. ಕೆಲವು ಮೈನ್‌ಗಳು ಕಬ್ಬಿಣ ಹತ್ತಿರ ಬಂದರೆ ಸಿಡಿಯುತ್ತವೆ. ಹಾಗಾಗಿ ಈ ಹಡಗುಗಳನ್ನು ಮರದಲ್ಲಿ ಕಟ್ಟುತ್ತಿದ್ದರು. 1956ರಲ್ಲಿ ನಾವು ಬ್ರಿಟನ್ನಿನಿಂದ ತಂದ ನಾಲ್ಕೂ ಅಂಥವೇ, ಮರದ ಮೈ, ಅಲ್ಯೂಮಿನಿಯಂ ಚೌಕಟ್ಟು. ಒಂದಕ್ಕೆ ನಮ್ಮ ಕಾರವಾರದ ಹೆಸರು. ಆಮೇಲೆ 1978ರಿಂದ 1988ರವರೆಗೆ ಸೋವಿಯತ್ ಒಕ್ಕೂಟದಿಂದ 12 ಬಂದವು. ಅದರಲ್ಲೂ ಒಂದು ಕಾರವಾರ. ಕೊನೆಯದು ನಿವೃತ್ತಿ ಆಗಿದ್ದು 2019ರಲ್ಲಿ. ಮಾವ ಯಾವುದರಲ್ಲಿದ್ದರು ಅಂತ ಹೇಳಲ್ಲ, ಅವರ ಅರ್ಜಿ ಇನ್ನೂ ನಡೀತಿದೆ.

ಸಣ್ಣ ಹಡಗು, ಒಳಗೆ ಕುದಿಯೋ ಇಂಜಿನ್. ಆ ಕಾಲದ ಹಡಗುಗಳಲ್ಲಿ ಬಿಸಿ ತಡೆಯೋಕೆ ಪ್ರಪಂಚದಲ್ಲೆಲ್ಲ ಬಳಸುತ್ತಿದ್ದದ್ದು ಆಸ್ಬೆಸ್ಟಾಸ್. ಮಾವ ಹೇಳೋದು ಹೀಗೆ: ‘ಪೈಪಿಗೆ ಬಿಳೀ ಬಟ್ಟೆ ಸುತ್ತಿರ್ತಿತ್ತು. ಲೀಕ್ ಆದ್ರೆ ಅದನ್ನ ಹರಿದು ತೆಗೀಬೇಕು. ಹತ್ತಿ ಕೊಡವಿದಂಗೆ ಹಾರ್ತಿತ್ತು. ಮೂಗಿಗೆ ಕರ್ಚೀಫು ಕಟ್ಕೊಂಡ್ರೆ ಚೀಫ್ ನಗ್ತಿದ್ದ.’

ಈಗ ಅವರಿಗೆ ಅರವತ್ತೈದು. ಅಡಿಕೆ ಅಂಗಳದ ಏಳು ಮೆಟ್ಟಿಲಲ್ಲಿ ಎರಡು ಸಲ ನಿಲ್ಲುತ್ತಾರೆ. ಸ್ಕ್ಯಾನ್ ಹಾಳೆಯನ್ನು ಅಡುಗೆಮನೆ ಕಿಟಕಿಗೆ ಹಿಡಿದು ನನಗೆ ತೋರಿಸಿದರು. ಶ್ವಾಸಕೋಶದ ಹೊರಗಿನ ಪೊರೆ ಮೇಲೆ ಸುಣ್ಣ ಎರಚಿದ ಹಾಗೆ ಕಲೆ.

ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದರು. ಒಂದು ಕಚೇರಿಯಿಂದ ಉತ್ತರ ಬಂತು: ಸೇವೆಯಲ್ಲಿದ್ದಾಗ ಈ ಕಾಯಿಲೆಯ ದಾಖಲೆ ಇಲ್ಲ.

ಇರೋದು ಹೇಗೆ ಸ್ವಾಮಿ? ನಮ್ಮ ಸೊರಬದ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಸಿಕ್ಕಿತಲ್ಲ, ಅದು ಉಣ್ಣೆ ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ ತರುತ್ತದೆ. ಯಾವ ಕಾಡು, ಯಾವ ದಿನ, ಎಲ್ಲ ನೆನಪಿರುತ್ತದೆ. ಆಸ್ಬೆಸ್ಟಾಸ್ ಎಳೆ ಒಳಗೆ ಹೋಗಿ ಕೂತರೆ ಕಾಯಿಲೆ ಏಳೋದಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ವರ್ಷ ಬೇಕು. ನಮ್ಮ ನಿಯಮದಲ್ಲಿ ನಿವೃತ್ತಿಯ ನಂತರ ಬಂದ ಕಾಯಿಲೆಗೂ ಅವಕಾಶ ಇದೆ, ಆದರೆ ಇಂತಿಷ್ಟೇ ವರ್ಷ ಅಂತ ಗಡುವು. ಗಡುವಿನ ವಿಷಯ ಆ ಎಳೆಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ.

ನಾನು ಹೇಳೋದು ಒಂದೇ. ಹಡಗಿನ ಹೆಸರು ನೋಡಿ, ಅಲ್ಲಿ ಮಾಡಿದ ಕೆಲಸ ನೋಡಿ, ಕೊಡಿ. ನಿವೃತ್ತಿ ಆಗೋವಾಗ ಕೊಡೋ ಡಿಸ್ಚಾರ್ಜ್ ಪುಸ್ತಕದಲ್ಲಿ ಎರಡೂ ಇದೆ.

ಇದು ನನ್ನ ತಲೆಯಿಂದ ಉದುರಿದ್ದಲ್ಲ. ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆ ಒಂದು ಪಟ್ಟಿ ಇಟ್ಟುಕೊಂಡಿದೆ. ನೌಕಾಪಡೆಯ ಯಾವ ಕೆಲಸದವನಿಗೆ ಆಸ್ಬೆಸ್ಟಾಸ್ ತಾಗಿರೋ ಸಾಧ್ಯತೆ ಎಷ್ಟು, ಕಡಿಮೆಯಾ, ಇದೆಯಾ, ತುಂಬಾ ಜಾಸ್ತಿಯಾ ಅಂತ. ಅಲ್ಲೂ ಡಾಕ್ಟರ ಮಾತು ಬೇಕು, ಅಲ್ಲೂ ಅಲೆದಾಟ ಇದೆ. ಆದರೆ ಧೂಳು ಕುಡಿದದ್ದಕ್ಕೆ ಸಾಕ್ಷಿ ತಗೊಂಡು ಬಾ ಅಂತ ಮುದುಕನನ್ನು ಅಷ್ಟು ಸತಾಯಿಸಲ್ಲ. ಮೀಸೋಥೀಲಿಯೋಮಾ ಅನ್ನೋ ಕ್ಯಾನ್ಸರ್ ಸೇವೆಯಿಂದ ಬಂತು ಅಂತ ಒಪ್ಪಿದರೆ ನೂರಕ್ಕೆ ನೂರು ಅಂಗವೈಕಲ್ಯ.

ಒಬ್ಬರು ಬರೆದಿದ್ದಾರೆ, ‘ಬೀಡಿ ಸೇದಿರಬೇಕು.’ ಬೀಡಿಯಿಂದ ಪೊರೆ ಮೇಲೆ ಆ ಕಲೆ ಬರಲ್ಲ ಕಣ್ರೀ. ಮಾವ ಕವಳ ಹಾಕುತ್ತಾರೆ, ಅಷ್ಟೇ. ಇನ್ನೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿ ಅಂತ ಸಲಹೆ ಕೊಟ್ಟಿದ್ದಾರೆ. 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಕೋರ್ಟು ಹೇಳಿದೆ: ಸೇರುವಾಗ ಗಟ್ಟಿಮುಟ್ಟಾಗಿದ್ದವನನ್ನು ಕಾಯಿಲೆ ಅಂತ ಮನೆಗೆ ಕಳಿಸಿದರೆ, ಅದು ಸೇವೆಯಿಂದಲೇ ಬಂದದ್ದು ಅಂತ ಇಟ್ಟುಕೊಳ್ಳಬೇಕು, ಸಾಬೀತು ಮಾಡೋ ಹೊರೆ ಅವನ ಮೇಲಲ್ಲ. ಒಳ್ಳೆಯ ತೀರ್ಪು. ಮಾವ ಮಾಡಿದ ತಪ್ಪು ಅಂದರೆ ನಗುನಗುತ್ತಾ, ಆರೋಗ್ಯವಾಗಿ ನಿವೃತ್ತಿ ಆದದ್ದು!

ಸ್ವಲ್ಪ ತಡೀರಿ, ನಮ್ಮನೆ ಅಪ್ಪೆಮಿಡಿ ಉಪ್ಪಿನಕಾಯಿ ಈ ವರ್ಷ ಇಪ್ಪತ್ತೇ ಜಾಡಿ ಉಳಿದಿದೆ. ಬೇಕಾದವರು ಬೇಗ ಹೇಳಿ. ಸಬ್‌ಸ್ಕ್ರೈಬ್ ಮಾಡದವರಿಗೆ ರೇಟು ಜಾಸ್ತಿ.

ಎಲ್ಲಿದ್ದೆ? ಹಾಂ, ಹಡಗು. 2005ರ ಕೊನೆಯಲ್ಲಿ ಫ್ರಾನ್ಸಿನ ಕ್ಲೆಮಾಂಸೋ ಅನ್ನೋ ಯುದ್ಧನೌಕೆ ಒಡೆಸಿಕೊಳ್ಳೋಕೆ ಗುಜರಾತಿನ ಅಲಂಗ್‌ಗೆ ಹೊರಟಿತ್ತು. ಒಳಗೆ ಆಸ್ಬೆಸ್ಟಾಸ್ ಇದೆ ಅಂತ ಗಲಾಟೆ ಆಗಿ, 2006ರಲ್ಲಿ ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಅದನ್ನು ವಾಪಸ್ ಕರೆಸಿಕೊಂಡರು. ಖಾಲಿ ಹಡಗಿಗೆ ಸಿಕ್ಕ ಮರ್ಯಾದೆ ನೋಡಿ! ಹಡಗಿನ ಹೆಸರು ಹೇಳಿದರೆ ಸಾಕಾಯ್ತು, ಒಳಗೆ ಏನಿದೆ ಅಂತ ಲೋಕಕ್ಕೆಲ್ಲ ಗೊತ್ತಾಯ್ತು. ಅಂಥ ಹಡಗಿನೊಳಗೆ ಹದಿನೈದು ವರ್ಷ ಮಲಗಿ ಎದ್ದವನು ಬಂದರೆ ಪುರಾವೆ ಎಲ್ಲಿ ಅಂತೀರಿ. ಪುರಾವೆ ಎದೆಯೊಳಗಿದೆ, ಕೊಯ್ದು ಕೊಡಬೇಕಾ?

ಹಾಗೆ ಕೊಟ್ಟರೆ ಎಲ್ಲರೂ ಸುಳ್ಳು ಅರ್ಜಿ ಹಾಕುತ್ತಾರಂತೆ. ಹೌದು, ಸುಮ್ನೆ ಮಜಾ ನೋಡೋಣ ಅಂತ ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಲ್ಲಿ ಆಕ್ಸಿಜನ್ ಸಿಲಿಂಡರ್ ಹೊತ್ತುಕೊಂಡು ಹೋಗುತ್ತಾರೆ, ಅಲ್ವಾ? ಹೆಸರು ನೋಡಿ, ಕೊಡಿ ಅಂದೆ. ಇಷ್ಟೇ. ಕೊಡ್ರಪ್ಪಾ!

ಕೇಳಿಸ್ತಾ? ಬಂತು ಮಳೆ. ಇನ್ನು ರೆಕಾರ್ಡಿಂಗ್ ಆಗಲ್ಲ. ಹೌದು, ನನ್ನ ತಲೆ ಮೇಲಿರೋದೂ ಅದೇ ಸಿಮೆಂಟ್ ಶೀಟು. ನೀವು ಬರೆಯೋ ಮೊದಲು ನಾನೇ ಹೇಳಿಬಿಟ್ಟೆ.