ತುರ್ತು ಗರ್ಭನಿರೋಧಕ ಮಾತ್ರೆ ಮತ್ತು ಗಂಟೆಗಳ ಲೆಕ್ಕ

ಚಿಕ್ಕಮಗಳೂರು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಬಂದಿರುವ ಆಶಾ ಕಾರ್ಯಕರ್ತೆಯರಿಗೆ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳಿಗೆ ಮತ್ತು ಫಾರ್ಮಸಿ ಓದುತ್ತಿರುವ ವಿದ್ಯಾರ್ಥಿಗಳಿಗೆ ನಮಸ್ಕಾರ. ಸ್ತ್ರೀರೋಗ ತಜ್ಞೆಯಾಗಿ ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನನ್ನ ಮುಂದೆ ಬಂದು ಕುಳಿತ ಒಬ್ಬ ತಾಯಿಯ ವಿಷಯದಿಂದ ಈ ಮಾತನ್ನು ಆರಂಭಿಸುತ್ತೇನೆ.

ಆಕೆ ಕಾಫಿ ತೋಟವೊಂದರ ಲೈನ್ ಮನೆಯಿಂದ ಬಂದವಳು. ಎರಡು ಮಕ್ಕಳು, ಚಿಕ್ಕದಕ್ಕೆ ಇನ್ನೂ ಹತ್ತು ತಿಂಗಳು. ಜುಲೈ ತಿಂಗಳ ಒಂದು ಶನಿವಾರ ರಾತ್ರಿ ನಿರೋಧ್ ಹರಿದಿತ್ತು. ಭಾನುವಾರ ಔಷಧ ಅಂಗಡಿ ಮುಚ್ಚಿತ್ತು. ಸೋಮವಾರ ಕೆಲಸ ಮುಗಿಸಿ ಹೋದಾಗ ಅಂಗಡಿಯವರು ತುರ್ತು ಗರ್ಭನಿರೋಧಕ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲವೆಂದು ಹೇಳಿ ಕಳುಹಿಸಿದರು. ಮಂಗಳವಾರ, ಬುಧವಾರ ಮಳೆ ಹಿಡಿದುಕೊಂಡು ಬಸ್ಸೇ ಬರಲಿಲ್ಲ. ಮಾತ್ರೆಯ ಪೊಟ್ಟಣದ ಮೇಲೆ 72 ಗಂಟೆಯೊಳಗೆ ಎಂದು ಬರೆದಿರುತ್ತದೆಂಬುದನ್ನು ಯಾರಿಂದಲೋ ಕೇಳಿದ್ದ ಆಕೆ, ಇನ್ನು ಏನೂ ಮಾಡುವಂತಿಲ್ಲ ಎಂದೇ ನಂಬಿದ್ದಳು. ಗುರುವಾರ ಬೆಳಿಗ್ಗೆ ಆ ಊರಿನ ಆಶಾ ಕಾರ್ಯಕರ್ತೆ ಕೈಹಿಡಿದು ಕರೆತಂದಾಗ ನಾವು ಲೆಕ್ಕ ಹಾಕಿದೆವು: ಸುಮಾರು 109 ಗಂಟೆಗಳಾಗಿದ್ದವು. ಪರೀಕ್ಷೆ ಮಾಡಿ, ಆಕೆಯ ಒಪ್ಪಿಗೆ ಪಡೆದು, ಗರ್ಭಕೋಶದೊಳಗೆ ಇಡುವ ತಾಮ್ರದ ಸಾಧನವಾದ ಕಾಪರ್-ಟಿ ಅಳವಡಿಸಿದೆವು. ಆಕೆ ಗರ್ಭಿಣಿಯಾಗಲಿಲ್ಲ.

ಆ ಐದು ದಿನಗಳಲ್ಲಿ ಮಳೆಯ ಮೇಲೆ ಯಾರ ಹಿಡಿತವೂ ಇರಲಿಲ್ಲ. ಆದರೆ ಚೀಟಿ ಕೇಳಿದ್ದು ಮತ್ತು 72 ಗಂಟೆ ಕಳೆದರೆ ಎಲ್ಲವೂ ಮುಗಿಯಿತು ಎಂದು ತಿಳಿದದ್ದು, ಇವೆರಡೂ ತಿಳಿವಳಿಕೆಯ ಕೊರತೆಯಿಂದ ಆದ ತಪ್ಪುಗಳು. ಅವನ್ನು ಸರಿಪಡಿಸುವುದು ಈ ಸಭೆಯಲ್ಲಿರುವವರ ಕೈಯಲ್ಲಿದೆ ಎಂಬ ಕಾರಣಕ್ಕೇ ನಾನು ಇಲ್ಲಿಗೆ ಬಂದಿದ್ದೇನೆ.

ಮೊದಲು ಮಾತ್ರೆ ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಕಾಫಿ ನಾಡಿನವರಾದ ನಿಮಗೆ ಇದನ್ನು ವಿವರಿಸುವುದು ಸುಲಭ. ಮಾರ್ಚ್ ತಿಂಗಳಲ್ಲಿ ಕಾಫಿ ಗಿಡದ ರೆಂಬೆಯಲ್ಲಿ ಮೊಗ್ಗು ಸಿದ್ಧವಾಗಿ ನಿಂತಿರುತ್ತದೆ, ಆದರೆ ಹೂಮಳೆ ಬೀಳುವವರೆಗೆ ಅದು ಅರಳುವುದಿಲ್ಲ. ಒಮ್ಮೆ ಒಳ್ಳೆಯ ಹೂಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಅರಳುವುದನ್ನು ಯಾರೂ ತಡೆಯಲಾಗದು. ಹೆಣ್ಣಿನ ಅಂಡಾಶಯದಲ್ಲಿಯೂ ಪ್ರತಿ ತಿಂಗಳು ಒಂದು ಅಂಡ ಹೀಗೆಯೇ ಬೆಳೆದು ಕಾಯುತ್ತಿರುತ್ತದೆ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಲ್ಯೂಟಿನೈಸಿಂಗ್ ಹಾರ್ಮೋನ್ ಒಮ್ಮೆಲೇ ಉಕ್ಕಿ ಬಂದಾಗ, ಸುಮಾರು ಒಂದೂವರೆ ದಿನದೊಳಗೆ ಆ ಅಂಡ ಹೊರಬೀಳುತ್ತದೆ. ಲೆವೊನಾರ್ಜೆಸ್ಟ್ರೆಲ್ ಎಂಬ ಔಷಧವಿರುವ 1.5 ಮಿಲಿಗ್ರಾಂ ಮಾತ್ರೆ ಮಾಡುವುದು ಇಷ್ಟೇ: ಆ ಹಾರ್ಮೋನು ಉಕ್ಕುವುದನ್ನು ತಡೆದು, ಅಂಡ ಹೊರಬರುವುದನ್ನು ಮುಂದೂಡುತ್ತದೆ ಅಥವಾ ಆ ತಿಂಗಳ ಮಟ್ಟಿಗೆ ನಿಲ್ಲಿಸುತ್ತದೆ. ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೆ ಬದುಕಿರಬಲ್ಲವು, ಅಂಡವಾದರೋ ಹೊರಬಿದ್ದ ಮೇಲೆ ಒಂದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಆದ್ದರಿಂದ ವೀರ್ಯಾಣುಗಳ ಆಯಸ್ಸು ಮುಗಿಯುವವರೆಗೆ ಅಂಡ ಬಾರದಂತೆ ನೋಡಿಕೊಂಡರೆ ಗರ್ಭ ಕಟ್ಟುವುದಿಲ್ಲ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಉಳಿದ ಅನೇಕ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಮಾತ್ರೆಯನ್ನು ಬೇಗ ತೆಗೆದುಕೊಳ್ಳಬೇಕೆಂದು ಹೇಳುವುದೇಕೆ? ಹಾರ್ಮೋನಿನ ಮಳೆ ಬಿದ್ದಾದ ಮೇಲೆ ಮಾತ್ರೆಗೆ ಮಾಡಲು ಕೆಲಸವೇ ಇರುವುದಿಲ್ಲ, ಅದಕ್ಕಾಗಿ. ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ 24 ಗಂಟೆಯೊಳಗೆ ತೆಗೆದುಕೊಂಡವರಲ್ಲಿ ಸಂಭವಿಸಬಹುದಾಗಿದ್ದ ಗರ್ಭಧಾರಣೆಗಳ ಪೈಕಿ ಶೇಕಡಾ 95ರಷ್ಟು ತಪ್ಪಿದ್ದವು. ಎರಡನೆಯ ದಿನ ತೆಗೆದುಕೊಂಡವರಲ್ಲಿ ಅದು ಶೇಕಡಾ 85ಕ್ಕೆ, ಮೂರನೆಯ ದಿನ ಶೇಕಡಾ 58ಕ್ಕೆ ಇಳಿದಿತ್ತು. ನಾಲ್ಕನೆಯ, ಐದನೆಯ ದಿನವೂ ಮಾತ್ರೆ ಕೊಡಬಹುದು, ಆದರೆ ಅಷ್ಟು ತಡವಾದಾಗ ಅದನ್ನು ಹೆಚ್ಚು ನೆಚ್ಚುವಂತಿಲ್ಲ. ಹಾಗೆ ತಡವಾದವರಿಗೆ ಕಾಪರ್-ಟಿ, ಅಂದರೆ ನಮ್ಮ ಹಳ್ಳಿಗಳಲ್ಲಿ ವಂಕಿ ಎನ್ನುವ ಸಾಧನ, ಐದು ದಿನಗಳೊಳಗೆ ಅಳವಡಿಸಿದರೆ ಶೇಕಡಾ 99ಕ್ಕಿಂತ ಹೆಚ್ಚು ಪರಿಣಾಮಕಾರಿ. ಅದರ ತಾಮ್ರವು ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. 380-ಎ ಮಾದರಿಯದಾದರೆ ಮುಂದಿನ 10 ವರ್ಷಗಳವರೆಗೂ ಕೆಲಸ ಮಾಡುತ್ತದೆ. ಎಲ್ಲ ತುರ್ತು ವಿಧಾನಗಳಲ್ಲಿ ಇದೇ ಅತ್ಯುತ್ತಮವಾಗಿದ್ದರೂ ಇದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲವೆಂಬುದು ನನ್ನನ್ನು ಬಹಳ ಕಾಲದಿಂದ ನೋಯಿಸಿರುವ ಸಂಗತಿ.

ಇನ್ನೊಂದು ಪ್ರಶ್ನೆಯನ್ನು ಜನ ಗಟ್ಟಿಯಾಗಿ ಕೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ: ಇದು ಗರ್ಭಪಾತದ ಮಾತ್ರೆಯೇ? ಅಲ್ಲ. ಈಗಾಗಲೇ ಗರ್ಭ ನಿಂತಿದ್ದರೆ ಈ ಮಾತ್ರೆ ಅದನ್ನು ತೆಗೆಯುವುದೂ ಇಲ್ಲ, ಅದಕ್ಕೆ ಹಾನಿ ಮಾಡುವುದೂ ಇಲ್ಲ. ಫಲಿತವಾದ ಅಂಡವು ಗರ್ಭಕೋಶದಲ್ಲಿ ನೆಲೆಗೊಳ್ಳುವುದನ್ನು ಇದು ತಡೆಯಬಹುದೆಂಬ ಊಹೆಯೂ ಹಿಂದೆ ಇತ್ತು. ಸಂಶೋಧನೆಗಳು ಅದನ್ನು ಸಮರ್ಥಿಸದ ಕಾರಣ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2022ರ ಡಿಸೆಂಬರ್‌ನಲ್ಲಿ ಆ ಮಾತನ್ನು ಮಾತ್ರೆಯ ವಿವರಣೆಯಿಂದಲೇ ತೆಗೆದುಹಾಕಿತು. ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಬೇರೆಯೇ ಔಷಧಗಳು. ಅವುಗಳಿಗೆ ವೈದ್ಯರ ಚೀಟಿ ಬೇಕೇ ಬೇಕು ಮತ್ತು ಅವು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ತುರ್ತು ಮಾತ್ರೆಯನ್ನೂ ಇವುಗಳನ್ನೂ ಒಂದೇ ಎಂದು ಭಾವಿಸಿ ಹೆದರುವ ಅಂಗಡಿಯವರು ಕೊಡಬೇಕಾದ ಮಾತ್ರೆಯನ್ನು ಕೊಡದೆ ಕಳುಹಿಸುತ್ತಾರೆ. ಲೆವೊನಾರ್ಜೆಸ್ಟ್ರೆಲ್ ತುರ್ತು ಮಾತ್ರೆಯನ್ನು ಚೀಟಿ ಇಲ್ಲದೆ ಮಾರಲು ಭಾರತದಲ್ಲಿ 2005ರಿಂದಲೇ ಅವಕಾಶವಿದೆ ಎಂಬುದನ್ನು ಫಾರ್ಮಸಿ ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಿ. ಕೊಳ್ಳಲು ಬಂದವಳ ಕೊರಳಿನಲ್ಲಿ ತಾಳಿ ಇದೆಯೇ ಎಂದು ನೋಡುವುದು, ಗಂಡನನ್ನು ಕರೆದುಕೊಂಡು ಬಾ ಎನ್ನುವುದು, ನಾಲ್ಕು ಜನರ ಮುಂದೆ ಮಾತ್ರೆಯ ಹೆಸರನ್ನು ಕೂಗಿ ಹೇಳುವುದು ಔಷಧ ವಿತರಕನ ಕೆಲಸವಲ್ಲ.

ಮಾತ್ರೆ ಕೊಡುವಾಗ ಹೇಳಬೇಕಾದ ಮಾತುಗಳು ಹೆಚ್ಚಿಲ್ಲ, ಆದರೆ ಒಂದೊಂದೂ ಮುಖ್ಯ. ವಾಕರಿಕೆ, ತಲೆನೋವು, ಸುಸ್ತು ಬರಬಹುದು. ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ತೆಗೆದುಕೊಳ್ಳಬೇಕು. ಮುಂದಿನ ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗಬಹುದು, ಒಂದು ವಾರಕ್ಕಿಂತ ತಡವಾದರೆ ಗರ್ಭ ಪರೀಕ್ಷೆ ಮಾಡಿಸಬೇಕು. ಎದೆಹಾಲು ಕುಡಿಸುವ ತಾಯಂದಿರೂ ತೆಗೆದುಕೊಳ್ಳಬಹುದು. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಜೆಪಿನ್ ಸೇವಿಸುತ್ತಿರುವವರಲ್ಲಿ ಮಾತ್ರೆಯ ಬಲ ಕುಗ್ಗುತ್ತದೆ, ದೇಹದ ತೂಕ ಬಹಳ ಹೆಚ್ಚಿರುವವರಲ್ಲೂ ಕುಗ್ಗಬಹುದು. ಇಂಥವರಿಗೆ ವಂಕಿಯೇ ಮೇಲು. ಎಲ್ಲಕ್ಕಿಂತ ಹೆಚ್ಚಾಗಿ ಹೇಳಲೇಬೇಕಾದ ಮಾತೊಂದಿದೆ: ಮಾತ್ರೆ ಅಂಡ ಹೊರಬರುವುದನ್ನು ಕೇವಲ ಮುಂದೂಡಿರಬಹುದು, ಹಾಗಾಗಿ ಅದೇ ತಿಂಗಳಲ್ಲಿ ಮತ್ತೆ ರಕ್ಷಣೆಯಿಲ್ಲದೆ ಕೂಡಿದರೆ ಮುಂದೂಡಲ್ಪಟ್ಟ ಅಂಡ ಆಗ ಹೊರಬಂದು ಗರ್ಭ ನಿಲ್ಲುವ ಸಂಭವವಿದೆ. ಮಾತ್ರೆ ತೆಗೆದುಕೊಂಡೂ ಬಸುರಾದೆ ಎಂದು ಅತ್ತವರಲ್ಲಿ ಕೆಲವರಿಗೆ ಈ ಒಂದು ಮಾತನ್ನು ಯಾರೂ ಹೇಳಿರಲಿಲ್ಲ. ಪದೇ ಪದೇ ತೆಗೆದುಕೊಂಡರೆ ಬಂಜೆತನ ಬರುತ್ತದೆಂಬುದು ಸುಳ್ಳು. ಆದರೆ ಮುಟ್ಟು ಏರುಪೇರಾಗುತ್ತದೆ, ಮತ್ತು ನಿಯಮಿತವಾಗಿ ಬಳಸುವ ವಿಧಾನಗಳಾದ ಛಾಯಾ, ಮಾಲಾ-ಎನ್ ಮಾತ್ರೆಗಳು, ಅಂತರಾ ಚುಚ್ಚುಮದ್ದು ಅಥವಾ ವಂಕಿಯಷ್ಟು ಭರವಸೆ ಅದರಲ್ಲಿಲ್ಲ. ಲೈಂಗಿಕ ರೋಗಗಳಿಂದ ನಿರೋಧ್ ಕಾಪಾಡುತ್ತದೆ, ಈ ಮಾತ್ರೆ ಕಾಪಾಡದು.

ಅತ್ಯಾಚಾರಕ್ಕೆ ಒಳಗಾದವರ ವಿಷಯದಲ್ಲಿ ಗಂಟೆಗಳ ಲೆಕ್ಕ ಇನ್ನೂ ಗಂಭೀರವಾದುದು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಅವರಿಗೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕೆಂದು ಕಾನೂನು ಹೇಳುತ್ತದೆ, ಮತ್ತು ಆ ಚಿಕಿತ್ಸೆಯಲ್ಲಿ ತುರ್ತು ಗರ್ಭನಿರೋಧಕವೂ ಸೇರಿದೆ. ಹದಿನೆಂಟು ತುಂಬದ ಹುಡುಗಿಯಾದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವ ಹೊಣೆ ನಮ್ಮ ಮೇಲಿದೆ. ಆದರೆ ದೂರು ದಾಖಲಾಗಲಿ ಎಂದು ಮಾತ್ರೆ ಕೊಡುವುದನ್ನು ತಡಮಾಡುವುದು ತಪ್ಪು.

ನಮ್ಮ ನಾಡಿಗೆ ಈ ವಿಷಯ ಹೊರಗಿನಿಂದ ಬಂದದ್ದೆಂದು ಯಾರಾದರೂ ಹೇಳಿದರೆ ಅವರಿಗೆ 1930ನ್ನು ನೆನಪಿಸಿ. ಇಂದಿನ ಚಿಕ್ಕಮಗಳೂರು ಕಡೂರು ಜಿಲ್ಲೆ ಎಂದು ಕರೆಸಿಕೊಳ್ಳುತ್ತಿದ್ದ ಆ ಕಾಲದಲ್ಲಿ ಮೈಸೂರು ಸಂಸ್ಥಾನವು ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಸರ್ಕಾರವೊಂದು ಈ ಕೆಲಸವನ್ನು ತಾನಾಗಿ ಕೈಗೆತ್ತಿಕೊಂಡ ಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಗರ್ಭನಿರೋಧಕಗಳನ್ನು ತಲುಪಿಸುವ ಯೋಜನೆ 2011ರಲ್ಲಿ ಆರಂಭವಾದಾಗ ತುರ್ತು ಮಾತ್ರೆಯ ಬೆಲೆಯನ್ನು 2 ರೂಪಾಯಿಗೆ ನಿಗದಿಪಡಿಸಲಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತ. ನಾನು ಮೊದಲು ಹೇಳಿದ ಆ ತಾಯಿಯ ಊರಿಗೂ ಆಶಾ ಇದ್ದರು, ಆದರೆ ಆ ವಾರ ಅವರ ಚೀಲದಲ್ಲಿ ಮಾತ್ರೆ ಮುಗಿದಿತ್ತು. ತಾವು ಕೊಡಲಾಗದ್ದಕ್ಕೆ ನಾಚಿಕೊಂಡು ಸುಮ್ಮನಿರದೆ ಆಕೆಯನ್ನು ಆಸ್ಪತ್ರೆಗೆ ಕರೆತಂದರು. ಕಳಸ, ಕೊಪ್ಪ, ಶೃಂಗೇರಿ, ಮೂಡಿಗೆರೆಗಳ ತೋಟಗಳ ನಡುವೆ ಓಡಾಡುವವರು ಮೇ ತಿಂಗಳ ಕೊನೆಯೊಳಗೆ, ಅಂದರೆ ಮಳೆ ಹಿಡಿದುಕೊಂಡು ರಸ್ತೆ ಕೆಡುವ ಮೊದಲು, ಉಪಕೇಂದ್ರದ ದಾಸ್ತಾನು ನೋಡಿ, ಅವಧಿ ಮೀರಿದ ಪೊಟ್ಟಣಗಳನ್ನು ಬೇರ್ಪಡಿಸಿ, ಮಳೆಗಾಲ ಮುಗಿಯುವವರೆಗೆ ಸಾಲುವಷ್ಟು ಮಾತ್ರೆಗಳನ್ನು ತರಿಸಿಕೊಳ್ಳಿ. ವಂಕಿ ಅಳವಡಿಸಲು ತರಬೇತಿ ಪಡೆದ ಸಿಸ್ಟರ್ ಯಾವ ಕೇಂದ್ರದಲ್ಲಿ, ಯಾವ ದಿನ ಸಿಗುತ್ತಾರೆಂಬುದನ್ನು ಚೀಲದೊಳಗಿನ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಟ್ಟುಕೊಳ್ಳಿ.