ಮೂವತ್ತು ದಿನಗಳ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಹೈಸ್ಕೂಲಿನಲ್ಲಿ ಸಮಾಜ ಪರೀಕ್ಷೆಗೆ ಕೂತವರಿಗೆ ಈ ಪ್ರಶ್ನೆ ನೆನಪಿರಬಹುದು. ಮೊದಲನೆಯ ಮಹಾಯುದ್ಧಕ್ಕೆ ತಕ್ಷಣದ ಕಾರಣವೇನು? ಉತ್ತರ ಒಂದೇ ಸಾಲು. ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡನ ಕೊಲೆ. ನಾನೂ ಅದನ್ನು ಬಾಯಿಪಾಠ ಮಾಡಿ ಬರೆದವನೇ. ಆದರೆ ತಾರೀಕುಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಕೊಲೆ ನಡೆದದ್ದು 1914ರ ಜೂನ್ 28ರಂದು. ಮೊದಲ ಯುದ್ಧ ಘೋಷಣೆ ಆದದ್ದು ಜುಲೈ 28ರಂದು. ನಡುವೆ ಮೂವತ್ತು ದಿನ ಇದೆ. ಇದನ್ನು ತಕ್ಷಣ ಅನ್ನಲು ಆಗುತ್ತದಾ? ಆ ಯುದ್ಧಕ್ಕೆ ಯಾವ ದೇಶ ಹೊಣೆ ಅನ್ನುವುದಕ್ಕೆ ಉತ್ತರ ಆ ಮೂವತ್ತು ದಿನಗಳಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಮೊದಲು ಸೆರ್ಬಿಯಾದ ವಿಷಯ. ಸರಾಯೆವೊ ಊರಿನಲ್ಲಿ ಯುವರಾಜನ ಮೇಲೆ ಗುಂಡು ಹಾರಿಸಿದ ಗವ್ರಿಲೊ ಪ್ರಿನ್ಸಿಪ್‌ಗೆ ಆಗ ಹತ್ತೊಂಬತ್ತು ವರ್ಷ. ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಬೋಸ್ನಿಯಾದ ಹುಡುಗ. ಅವನಿಗೂ ಅವನ ಗೆಳೆಯರಿಗೂ ಪಿಸ್ತೂಲು, ಬಾಂಬು ಸಿಕ್ಕಿದ್ದು ಸೆರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ. ಕೊಟ್ಟವರು ಕಪ್ಪು ಕೈ ಎಂಬ ಗುಪ್ತಸಂಘದ ಜನ. ಆ ಸಂಘದ ಮುಖ್ಯಸ್ಥ ಡಿಮಿಟ್ರಿಯೆವಿಚ್ ಸೆರ್ಬಿಯಾ ಸೇನೆಯ ಗುಪ್ತಚರ ವಿಭಾಗವನ್ನೇ ನಡೆಸುತ್ತಿದ್ದ. ಹಾಗಾಗಿ ಸೆರ್ಬಿಯಾ ಪೂರ್ತಿ ಅಮಾಯಕ ದೇಶ ಅಂತ ನಾನು ಹೇಳಲಾರೆ. ಅಲ್ಲಿಯ ಸರ್ಕಾರ ಈ ಕೊಲೆಯನ್ನು ಯೋಜಿಸಲಿಲ್ಲ. ಆದರೆ ತನ್ನದೇ ಅಧಿಕಾರಿಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲು ಅದಕ್ಕೆ ಆಗಲಿಲ್ಲ. ಕೊಲೆ ಆದ ಮೇಲೆ ಮನಸ್ಸಿಟ್ಟು ತನಿಖೆಯನ್ನೂ ಮಾಡಲಿಲ್ಲ. ಯುವರಾಜ, ಅವನ ಹೆಂಡತಿ ಇಬ್ಬರೂ ಸತ್ತಿದ್ದರು. ಅವರಿಗೆ ಮೂವರು ಮಕ್ಕಳು. ಆಸ್ಟ್ರಿಯಾಕ್ಕೆ ಸಿಟ್ಟು ಬಂದದ್ದು ಸಹಜ.

ಆ ಸಿಟ್ಟನ್ನು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಮಂತ್ರಿಗಳು ಏನು ಮಾಡಿದರು ಅನ್ನುವುದನ್ನು ಮಾತ್ರ ಗಮನವಿಟ್ಟು ನೋಡಬೇಕು. ಜುಲೈ 5ರಂದು ಬರ್ಲಿನ್ ಪಕ್ಕದ ಪೊಟ್ಸ್‌ಡ್ಯಾಮಿನಲ್ಲಿ ಆಸ್ಟ್ರಿಯಾದ ರಾಯಭಾರಿ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್‌ನನ್ನು ಕಂಡ. ಕೈಸರ್ ಎಂದು ನಾವು ಕರೆಯುವುದು ಇವನನ್ನೇ. ನೀವು ಸೆರ್ಬಿಯಾದ ಮೇಲೆ ಏನೇ ಮಾಡಿ, ರಷ್ಯಾ ನಡುವೆ ಬಂದರೂ ನಾವು ನಿಮ್ಮ ಜೊತೆಗೆ ಇರುತ್ತೇವೆ ಎಂದು ಕೈಸರ್ ಭರವಸೆ ಕೊಟ್ಟ. ಮೊತ್ತ ಬರೆಯದೆ ಸಹಿ ಹಾಕಿ ಕೊಟ್ಟ ಚೆಕ್ ಎಂದು ಇತಿಹಾಸಕಾರರು ಇದನ್ನು ಕರೆಯುತ್ತಾರೆ. ಮಾರನೆಯ ದಿನ ಅವನು ಹಡಗು ಹತ್ತಿ ನಾರ್ವೆ ಕಡೆಗೆ ಪ್ರವಾಸ ಹೊರಟ.

ಜುಲೈ 7ರಂದು ವಿಯೆನ್ನಾದಲ್ಲಿ ಮಂತ್ರಿಗಳ ಸಭೆ ಸೇರಿತು. ಸೆರ್ಬಿಯಾಕ್ಕೆ ಕೆಲವು ಬೇಡಿಕೆ ಕಳಿಸೋಣ, ಅವನ್ನು ಅವರು ಒಪ್ಪಲೇಬಾರದು, ಹಾಗಿರಬೇಕು ಎಂಬ ಅಭಿಪ್ರಾಯಕ್ಕೆ ಅಲ್ಲಿ ಬಹುಮತ ಇತ್ತು. ಆಸ್ಟ್ರಿಯಾದ ಜೊತೆ ಒಂದೇ ಸಾಮ್ರಾಜ್ಯದಲ್ಲಿದ್ದ ಹಂಗೆರಿಯ ಪ್ರಧಾನಿ ಟೀಸಾ ಒಬ್ಬನೇ ಬೇಡ ಅಂದ. ಒಂದು ವಾರದಲ್ಲಿ ಅವನೂ ಒಪ್ಪಿಬಿಟ್ಟ.

ಆದರೂ ಅವರು ಎರಡು ವಾರ ತಡ ಮಾಡಿದರು. ಆಸ್ಟ್ರಿಯಾದ ಸೈನಿಕರಲ್ಲಿ ಬಹಳ ಮಂದಿ ಸುಗ್ಗಿಯ ರಜೆಯ ಮೇಲೆ ಊರಿಗೆ ಹೋಗಿದ್ದರು. ಕೈಯಲ್ಲಿ ಕುಡುಗೋಲು ಹಿಡಿದು ಗೋಧಿ ಕೊಯ್ಯುತ್ತಿದ್ದ ಆ ಹುಡುಗರು ನನಗೆ ಮತ್ತೆ ಮತ್ತೆ ನೆನಪಾಗುತ್ತಾರೆ. ಇನ್ನೊಂದು ಕಾರಣವೂ ಇತ್ತು. ರಷ್ಯಾದ ಮಿತ್ರದೇಶ ಫ್ರಾನ್ಸಿನ ಅಧ್ಯಕ್ಷ ಪೊಯಂಕಾರೆ ಆಗ ರಷ್ಯಾದ ರಾಜಧಾನಿಯಲ್ಲಿದ್ದ. ಅವನು ಅಲ್ಲಿ ಇರುವಾಗಲೇ ಸುದ್ದಿ ಹೊರಬಿದ್ದರೆ ಎರಡು ದೇಶದವರೂ ಕೂತು ಮಾತಾಡಿಕೊಂಡುಬಿಡುತ್ತಾರೆ. ಅವನ ಹಡಗು ಹೊರಡಲಿ ಎಂದು ಕಾದರು.

ಜುಲೈ 23ರ ಸಂಜೆ ಆರು ಗಂಟೆಗೆ ಕಾಗದ ಬೆಲ್‌ಗ್ರೇಡ್ ತಲುಪಿತು. ಗಡುವು 48 ಗಂಟೆ. ಸೆರ್ಬಿಯಾ ಹೆಚ್ಚಿನ ಬೇಡಿಕೆಗಳಿಗೆ ಒಪ್ಪುವ ಮಾತನ್ನೇ ಬರೆಯಿತು. ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ತನಿಖೆಗೆ ಇಳಿಯುವುದು ಮಾತ್ರ ಆಗದು, ಬೇಕಾದರೆ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಗೋಣ ಅಂದಿತು. 25ರ ಸಂಜೆ, ಗಡುವು ಮುಗಿಯುವ ಹೊತ್ತಿಗೆ, ಪ್ರಧಾನಿ ಪಾಶಿಚ್ ಆ ಉತ್ತರವನ್ನು ತಾನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಆಸ್ಟ್ರಿಯಾದ ರಾಯಭಾರಿ ಗೀಸ್ಲ್‌ಗೆ ಕೊಟ್ಟ. ಗೀಸ್ಲ್ ಆಗಲೇ ಪೆಟ್ಟಿಗೆ ಕಟ್ಟಿ ಇಟ್ಟಿದ್ದ. ಉತ್ತರದ ಮೇಲೆ ಒಮ್ಮೆ ಕಣ್ಣಾಡಿಸಿದ, ಸಂಬಂಧ ಮುರಿಯಿತು ಎಂದು ತಿಳಿಸಿದ, ಆರೂವರೆಯ ರೈಲು ಹತ್ತಿ ಊರು ಬಿಟ್ಟ. ಆ ಅರ್ಧ ಗಂಟೆಯನ್ನು ಯೋಚಿಸಿ ನೋಡಿ. ಒಂದು ದೇಶದ ಉತ್ತರವನ್ನು ಓದಿ, ವಿಯೆನ್ನಾವನ್ನು ಕೇಳಿ, ತೂಗಿ ನೋಡುವಷ್ಟು ಹೊತ್ತು ಅದರಲ್ಲಿ ಇರಲಿಲ್ಲ. ತೀರ್ಮಾನ ಮೊದಲೇ ಆಗಿತ್ತು.

ಮುಂದಿನದು ಇನ್ನೂ ಸಂಕಟದ ಮಾತು. ಪ್ರವಾಸದಿಂದ ಮರಳಿದ ಕೈಸರ್ ಜುಲೈ 28ರ ಬೆಳಿಗ್ಗೆ ಸೆರ್ಬಿಯಾದ ಉತ್ತರ ಓದಿದ. ಯುದ್ಧಕ್ಕೆ ಇನ್ನು ಯಾವ ಕಾರಣವೂ ಉಳಿದಿಲ್ಲ ಎಂದು ಬರೆದ. ಚೆಕ್ಕಿಗೆ ಸಹಿ ಹಾಕಿದವನೇ ಬರೆದ ಮಾತು ಇದು. ಆದರೆ ಅವನ ಈ ಅಭಿಪ್ರಾಯ ವಿಯೆನ್ನಾ ಮುಟ್ಟುವ ಮೊದಲೇ, ಅದೇ ದಿನ, ಆಸ್ಟ್ರಿಯಾ ತಂತಿ ಕಳಿಸಿ ಯುದ್ಧ ಘೋಷಿಸಿಬಿಟ್ಟಿತು. ಬ್ರಿಟನ್ನಿನ ವಿದೇಶಾಂಗ ಮಂತ್ರಿ ಗ್ರೇ ಎರಡು ದಿನ ಮುಂಚೆ, ನಾಲ್ಕು ದೇಶದವರು ಸೇರಿ ಮಾತಾಡೋಣ ಬನ್ನಿ ಅಂದಿದ್ದ. ಜರ್ಮನಿ ಅದಕ್ಕೆ ಒಪ್ಪಿರಲಿಲ್ಲ.

ರಷ್ಯಾ ಏನು ಮಾಡುತ್ತಿತ್ತು? ಸೆರ್ಬಿಯಾದ ಬೆನ್ನಿಗೆ ನಿಂತು ಸೈನ್ಯ ಕೂಡಿಸತೊಡಗಿತ್ತು. ರಷ್ಯಾದ ತ್ಸಾರ್ ನಿಕೊಲಸ್‌ಗೂ ಕೈಸರ್‌ಗೂ ನೆಂಟಸ್ತಿಕೆ ಇತ್ತು. ಜುಲೈ 29ರಿಂದ ಇಬ್ಬರೂ ನಿಕ್ಕಿ, ವಿಲ್ಲಿ ಎಂದು ಹೆಸರು ಹಾಕಿ ತಂತಿ ಕಳಿಸಿಕೊಂಡರು. ಅಂಥ ಒಂದು ತಂತಿ ಬಂದ ಮೇಲೆ ತ್ಸಾರ್ ಪೂರ್ಣ ಸೈನ್ಯ ಸಜ್ಜುಗೊಳಿಸುವ ಆಜ್ಞೆಯನ್ನು ಆ ರಾತ್ರಿ ತಡೆದ. ಮಾರನೆಯ ದಿನ ಮಂತ್ರಿ, ಸೇನಾಪತಿಗಳ ಒತ್ತಾಯಕ್ಕೆ ಮಣಿದು ಮತ್ತೆ ಆಜ್ಞೆ ಕೊಟ್ಟ. ಇದು ರಷ್ಯಾದ ದೊಡ್ಡ ತಪ್ಪು. ಇನ್ನು ಕೆಲವು ದಿನ ತಡೆದಿದ್ದರೆ ಮಾತುಕತೆಗೆ ಜಾಗ ಇರುತ್ತಿತ್ತು. ಫ್ರಾನ್ಸ್ ಆದರೂ ರಷ್ಯಾದ ಕೈ ಹಿಡಿದು ನಿಲ್ಲಿಸಬಹುದಿತ್ತು, ಅದೂ ಆಗಲಿಲ್ಲ. ಬ್ರಿಟನ್ ತಾನು ಯಾರ ಕಡೆ ಅನ್ನುವುದನ್ನು ಹೊತ್ತಿಗೆ ಸರಿಯಾಗಿ ಬಿಚ್ಚಿ ಹೇಳಲಿಲ್ಲ.

ಆದರೂ ರಷ್ಯಾದ ತಪ್ಪನ್ನೂ ಜರ್ಮನಿಯ ತಪ್ಪನ್ನೂ ನಾನು ಒಂದೇ ತಕ್ಕಡಿಯಲ್ಲಿ ಸಮವಾಗಿ ಇಡುವುದಿಲ್ಲ. ಯಾಕೆ ಅಂದರೆ ರಷ್ಯಾದ ಸೈನ್ಯ ಸಜ್ಜಾಗಿ ಗಡಿಯಲ್ಲಿ ಕಾಯುತ್ತಾ ನಿಲ್ಲಬಹುದಿತ್ತು. ಜರ್ಮನಿಯ ಯೋಜನೆಯಲ್ಲಿ ಕಾಯುವುದೇ ಇರಲಿಲ್ಲ. ರಷ್ಯಾ ದೊಡ್ಡ ದೇಶ, ಅದರ ಸೈನ್ಯ ಕೂಡಲು ಸಮಯ ಹಿಡಿಯುತ್ತದೆ. ಅಷ್ಟರೊಳಗೆ, ಸುಮಾರು ಆರು ವಾರದಲ್ಲಿ, ಬೆಲ್ಜಿಯಂ ದಾಟಿಕೊಂಡು ಹೋಗಿ ಫ್ರಾನ್ಸನ್ನು ಸೋಲಿಸಬೇಕು, ಆಮೇಲೆ ರಷ್ಯಾದ ಕಡೆ ತಿರುಗಬೇಕು. ಇದು ಜರ್ಮನ್ ಸೇನಾಪತಿಗಳ ಲೆಕ್ಕ. ಇಷ್ಟು ರೈಲು, ಇಷ್ಟು ಗಂಟೆಗೆ, ಈ ಸೇತುವೆ ಮೇಲೆ ಎಂದು ವರ್ಷಗಟ್ಟಲೆ ಕೂತು ಬರೆದಿದ್ದರು. ಆಗಸ್ಟ್ 1ರ ಸಂಜೆ ಫ್ರಾನ್ಸ್ ತಟಸ್ಥವಾಗಿ ಉಳಿಯಬಹುದು ಎಂಬ ಸುಳ್ಳು ಆಸೆ ಹುಟ್ಟಿತು. ಹಾಗಾದರೆ ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸಿ ಎಂದು ಕೈಸರ್ ಸೇನಾ ಮುಖ್ಯಸ್ಥ ಮೋಲ್ಟ್ಕೆಗೆ ಹೇಳಿದ. ಆಗುವುದಿಲ್ಲ ಎಂದ ಮೋಲ್ಟ್ಕೆ. ನಿಮ್ಮ ದೊಡ್ಡಪ್ಪನಾಗಿದ್ದರೆ ಬೇರೆ ಉತ್ತರ ಕೊಡುತ್ತಿದ್ದರು ಎಂದು ಕೈಸರ್ ನೊಂದುಕೊಂಡ. ಮೋಲ್ಟ್ಕೆಯ ದೊಡ್ಡಪ್ಪನೂ ಪ್ರಸಿದ್ಧ ಸೇನಾಪತಿ. ಸೆರ್ಬಿಯಾದ ಜಗಳಕ್ಕೆ ಯಾವ ಸಂಬಂಧವೂ ಇಲ್ಲದ ಬೆಲ್ಜಿಯಂ ಮೇಲೆ ಆಗಸ್ಟ್ 4ರಂದು ಜರ್ಮನ್ ಸೈನ್ಯ ನುಗ್ಗಿತು. ಆ ದೇಶದ ತಟಸ್ಥತೆಯನ್ನು ಕಾಯುತ್ತೇವೆ ಎಂಬ 1839ರ ಒಪ್ಪಂದಕ್ಕೆ ಜರ್ಮನಿಯ ಹಿಂದಿನ ಪ್ರಶ್ಯಾ ರಾಜ್ಯ ಕೂಡ ಸಹಿ ಹಾಕಿತ್ತು. ಅದೇ ರಾತ್ರಿ ಬ್ರಿಟನ್ ಯುದ್ಧಕ್ಕೆ ಇಳಿಯಿತು.

ನನ್ನ ಮಾತು ಇಷ್ಟು. ಮೊದಲ ಹೊಣೆ ಆಸ್ಟ್ರಿಯಾದ್ದು ಮತ್ತು ಜರ್ಮನಿಯದ್ದು. ಒಬ್ಬರು ಯುದ್ಧವನ್ನೇ ಬಯಸಿ ಕಾಗದ ಬರೆದರು. ಇನ್ನೊಬ್ಬರು ಅದಕ್ಕೆ ಬಲ ಕೊಟ್ಟರು, ಆಮೇಲೆ ಸಣ್ಣ ಯುದ್ಧವನ್ನು ದೊಡ್ಡದು ಮಾಡಿದರು. ರಷ್ಯಾದ ಹೊಣೆ ಅದರ ನಂತರದ್ದು. ಎಲ್ಲರೂ ಕತ್ತಲಲ್ಲಿ ಜಾರಿ ಬಿದ್ದರು, ಯಾರದ್ದೂ ತಪ್ಪಿಲ್ಲ ಎಂಬ ಮಾತು ಆಮೇಲೆ ಬಹಳ ಚಲಾವಣೆಗೆ ಬಂತು. ಕೇಳಲು ಹಿತವಾಗಿದೆ. ಆದರೆ ಜುಲೈ 7ರ ಸಭೆಯಲ್ಲಿ ಕೂತವರು ಜಾರಿ ಬಿದ್ದವರಲ್ಲ, ಅಲ್ವಾ?

ಹಾಗಂತ ವರ್ಸೇಲ್ಸ್ ಒಪ್ಪಂದದಲ್ಲಿ ನಡೆದದ್ದೂ ನನಗೆ ಸರಿ ಅನ್ನಿಸುವುದಿಲ್ಲ. ಕೊಲೆ ನಡೆದು ಸರಿಯಾಗಿ ಐದು ವರ್ಷಕ್ಕೆ, 1919ರ ಜೂನ್ 28ರಂದು, ಅದಕ್ಕೆ ಸಹಿ ಬಿತ್ತು. ಅದರ 231ನೇ ವಿಧಿಯಲ್ಲಿ ಅಪರಾಧ ಅನ್ನುವ ಪದ ಇಲ್ಲ. ಜರ್ಮನಿ ಮತ್ತು ಅದರ ಮಿತ್ರರು ನಷ್ಟಕ್ಕೆ ಹೊಣೆ ಎಂದಷ್ಟೇ ಇದೆ. ಪರಿಹಾರದ ಹಣ ಕೇಳಲು ಬರೆದ ಸಾಲು ಅದು. ಸೋತವರನ್ನು ಮಾತುಕತೆಗೆ ಕೂರಿಸದೆ ಸಹಿ ಹಾಕಿಸಿದ್ದರಿಂದ ಜರ್ಮನರು ಅದನ್ನು ಅವಮಾನ ಎಂದೇ ಓದಿಕೊಂಡರು. ಆ ಅವಮಾನವನ್ನು ಹಿಟ್ಲರ್ ಹೇಗೆ ಬಳಸಿಕೊಂಡ ಎಂದು ನಿಮಗೆ ಗೊತ್ತೇ ಇದೆ. 1961ರಲ್ಲಿ ಫ್ರಿಟ್ಸ್ ಫಿಷರ್ ಎಂಬ ಇತಿಹಾಸಕಾರ ಜರ್ಮನಿಯ ಹೊಣೆಯೇ ಜಾಸ್ತಿ ಎಂದು ದಾಖಲೆಗಳನ್ನು ಇಟ್ಟು ವಾದಿಸಿದ. ಅವನೂ ಜರ್ಮನ್. ಅವನ ಮೇಲೆ ಅವನ ದೇಶದವರೇ ಸಿಟ್ಟಾದರು. ಆದರೂ ತನ್ನ ಮನೆಯ ತಪ್ಪನ್ನು ತಾನೇ ಹೇಳಿದ ಆ ಮನುಷ್ಯನ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ಇದೆಲ್ಲ ನಮಗೇಕೆ ಎಂದು ಯಾರಾದರೂ ಕೇಳಬಹುದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಬ್ರಿಟನ್ ಯುದ್ಧಕ್ಕೆ ಇಳಿದಾಗ ಭಾರತವೂ ಇಳಿದಿದೆ ಎಂದು ವೈಸರಾಯ್ ಸಾರಿಬಿಟ್ಟ. ಇಲ್ಲಿಯ ಒಬ್ಬರನ್ನೂ ಕೇಳಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧಕ್ಕೆ ಹೋದರು. ಮೈಸೂರು ಸಂಸ್ಥಾನದ ಕುದುರೆ ಸವಾರರೂ ಹೋದರು. ಪೊಟ್ಸ್‌ಡ್ಯಾಮಿನ ಆ ಭೇಟಿಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ, ಬೆಲ್‌ಗ್ರೇಡಿನ ಆರೂವರೆಯ ರೈಲಿನ ಸುದ್ದಿಯೂ ಗೊತ್ತಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಎಂಬ ದೂರದ ಊರಿನಲ್ಲಿ, ಕೈಯಲ್ಲಿ ಈಟಿ ಹಿಡಿದು, ಜೋಧಪುರದ ಸವಾರರ ಜೊತೆ ಸೇರಿ, ಅವರು ಮಷೀನ್‌ಗನ್ನುಗಳ ಎದುರಿಗೆ ಕುದುರೆ ಓಡಿಸಿದರು. ಊರು ಗೆದ್ದರು. ಸವಾರರಲ್ಲಿ ಕೆಲವರು ಅಲ್ಲೇ ಬಿದ್ದರು. ಯುದ್ಧ ನಿಲ್ಲಲು ಇನ್ನು ಸರಿಯಾಗಿ ಏಳು ವಾರ ಬಾಕಿ ಇತ್ತು.

ನಮಸ್ಕಾರ.